ಕವೀಂದ್ರ ರವೀಂದ್ರರ ಪ್ರಕೃತಿ ಸಹವಾಸ

ರವೀಂದ್ರನಾಥ ಠಾಕೂರರ ಹೆಸರನ್ನು ಕೇಳದ ಮನೆ ನಮ್ಮ ಗಡಿನಾಡಿನಲ್ಲಿ ಇರಲಾರದು. ರಾಷ್ಟ್ರಗೀತೆಯನ್ನು ರಚಿಸಿದವರೆಂದು ಶಾಲೆಯ ಮಕ್ಕಳೂ, ನೊಬೆಲ್ ಬಹುಮಾನವನ್ನು ಪಡೆದ ಮಹಾಕವಿಯೆಂದು ಹಿರಿಯರೂ ಅವರನ್ನು ಬಲ್ಲರು. ಆದರೆ ಎಂಬತ್ತು ವರ್ಷಗಳ ಬಾಳಿನಲ್ಲಿ ಒಂದರ ಬೆನ್ನಿಗೊಂದು ಸಾವನ್ನು ಕಂಡ ಆ ಜೀವವು ಪ್ರತಿಸಲವೂ ಮತ್ತೆ ಚಿಗುರಿ ನಿಂತದ್ದು ಯಾವ ಬಲದಿಂದ ಎಂಬುದನ್ನು ನಾವು ಅಷ್ಟಾಗಿ ಆಲೋಚಿಸಿದವರಲ್ಲ. ಅವರ ಕಾವ್ಯವನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. ನೀರು, ಬಯಲು, ಮರ, ನಕ್ಷತ್ರ ಇವುಗಳೊಡನೆ ಅವರು ಕಳೆದ ಹೊತ್ತು ಅವರಿಗೆ ಏನನ್ನು ಕೊಟ್ಟಿತು, ಎಲ್ಲಿ ಕೊಡಲಿಲ್ಲ ಎಂಬಷ್ಟನ್ನು ಮಾತ್ರ ಅವರ ಜೀವನದಿಂದ ಆಯ್ದು ಹೇಳಬೇಕೆಂದಿದೆ.

ರವೀಂದ್ರರು ಹುಟ್ಟಿದ್ದು ೧೮೬೧ನೆಯ ಇಸವಿ ಮೇ ೭ರಂದು, ಕಲ್ಕತ್ತೆಯ ಜೋಡಾಸಾಂಕೊ ಎಂಬಲ್ಲಿಯ ವಿಸ್ತಾರವಾದ ಮನೆಯಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು ಬ್ರಾಹ್ಮಸಮಾಜದ ಧುರೀಣರು, ತಾಯಿ ಶಾರದಾದೇವಿಯವರು. ತುಂಬಿದ ಮನೆ, ಮಕ್ಕಳ ಸಾಲು ದೊಡ್ಡದು. ತಂದೆಯು ವರ್ಷದ ಬಹುಭಾಗ ಪ್ರವಾಸದಲ್ಲಿರುವವರು, ತಾಯಿಗೆ ಅನಾರೋಗ್ಯ. ಹೀಗಾಗಿ ಕಿರಿಯ ಮಕ್ಕಳು ಬೆಳೆದದ್ದು ಸೇವಕರ ಆಳ್ವಿಕೆಯಲ್ಲಿ. ಅವರಲ್ಲಿ ಶ್ಯಾಮನೆಂಬವನು ತನ್ನ ಕೆಲಸವನ್ನು ಹಗುರ ಮಾಡಿಕೊಳ್ಳಲು ಒಂದು ಉಪಾಯವನ್ನು ಕಂಡುಕೊಂಡಿದ್ದನು. ಬಾಲಕ ರವಿಯನ್ನು ಒಂದೆಡೆ ಕುಳ್ಳಿರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆಯೆಳೆದು, ಇದನ್ನು ದಾಟಿದರೆ ಕೇಡು ತಪ್ಪದೆಂದು ಹೆದರಿಸಿ ತನ್ನ ಪಾಡಿಗೆ ತಾನು ಹೋಗಿಬಿಡುತ್ತಿದ್ದನು. ರಾಮಾಯಣದ ಕಥೆಯನ್ನು ಆಗಲೇ ಕೇಳಿದ್ದ ಹುಡುಗನಿಗೆ ಗೆರೆಯನ್ನು ದಾಟಿದ ಸೀತೆಗೆ ಒದಗಿದ ಗತಿ ತಿಳಿದಿತ್ತು. ಆದ್ದರಿಂದ ಅವನು ಅಲುಗುತ್ತಿರಲಿಲ್ಲ.

ಆದರೆ ಆ ಗೆರೆಯೊಳಗೆ ಒಂದು ಕಿಟಕಿಯಿತ್ತು. ಕಿಟಕಿಯ ಕೆಳಗೆ ಕಲ್ಲಿನ ಮೆಟ್ಟಲುಗಳುಳ್ಳ ಒಂದು ಕೊಳ. ಅದರ ದಡದಲ್ಲಿ ಬಿಳಲು ಬಿಟ್ಟು ನಿಂತ ಹಳೆಯ ಆಲದ ಮರ. ಇನ್ನೊಂದು ಮಗ್ಗುಲಲ್ಲಿ ತೆಂಗಿನ ಸಾಲು. ಹುಡುಗನು ಹೊತ್ತಿಗೆ ಹೊತ್ತು ಅಲ್ಲಿ ಕುಳಿತು ನೋಡುವನು. ಬೆಳಗಾದರೆ ನೆರೆಹೊರೆಯವರು ಒಬ್ಬೊಬ್ಬರಾಗಿ ಸ್ನಾನಕ್ಕೆ ಬರುವರು. ಯಾರು ಯಾವ ಹೊತ್ತಿಗೆ ಬರುವರು, ಯಾರು ಮೂಗು ಹಿಡಿದು ಮುಳುಗುವರು, ಯಾರು ಮೆಟ್ಟಲಿನಿಂದಲೇ ನೀರಿಗೆ ಧುಮುಕುವರು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಮಧ್ಯಾಹ್ನ ಜನರು ಹೊರಟುಹೋದ ಮೇಲೆ ಬಾತುಕೋಳಿಗಳು ಮಾತ್ರ ಉಳಿಯುವುವು. ಆಗ ಅವನ ದೃಷ್ಟಿಯು ಆಲದ ಬುಡದ ಕತ್ತಲೆಯಲ್ಲಿ ನೆಟ್ಟುಬಿಡುವುದು. ಲೋಕದ ನಿಯಮಗಳೆಲ್ಲ ಆ ಬಿಳಲುಗಳ ನಡುವೆ ದಾರಿ ತಪ್ಪಿ, ಯಾವುದೋ ಹಳೆಯ ಕಾಲವು ಅಲ್ಲಿ ಅಡಗಿ ಕುಳಿತಿದೆಯೆಂದು ಅವನಿಗೆ ತೋರುತ್ತಿತ್ತು. ಮುಂದೆ ಆ ಕೊಳವೂ ಹೋಯಿತು, ಮರವೂ ಹೋಯಿತು. ಐವತ್ತರ ವಯಸ್ಸಿನಲ್ಲಿ ತಮ್ಮ ನೆನಪುಗಳನ್ನು ಬರೆಯುವಾಗಲೂ ರವೀಂದ್ರರು ಆ ಮರವನ್ನು ಮರೆಯಲಿಲ್ಲ. ಶ್ರೀಮಂತರ ಮನೆಯ ಮಗುವಾದರೂ ಅವನಿಗೆ ದೊರೆತ ನಿಸರ್ಗವು ಒಂದು ಕಿಟಕಿಯಷ್ಟು ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ಅಷ್ಟೇ ಸಾಕಾಯಿತು.

ಶಾಲೆಯು ಅವನಿಗೆ ಒಗ್ಗಲಿಲ್ಲ. ಒಂದಾದ ಮೇಲೊಂದು ನಾಲ್ಕು ಶಾಲೆಗಳನ್ನು ಕಂಡು ಕೊನೆಗೆ ಶಾಲೆಯೆಂಬುದನ್ನೇ ಬಿಟ್ಟನು. ಕಲ್ಕತ್ತೆಯಲ್ಲಿ ಒಮ್ಮೆ ಡೆಂಗೀ ಜ್ವರವು ಹಬ್ಬಿದಾಗ ಮನೆಯವರಲ್ಲಿ ಕೆಲವರು ಗಂಗಾತೀರದ ಒಂದು ತೋಟದ ಮನೆಗೆ ಹೋಗಿ ನಿಂತರು. ಅಲ್ಲಿಯೂ ಹುಡುಗರಿಗೆ ಹಳ್ಳಿಯೊಳಗೆ ಹೋಗಲು ಅಪ್ಪಣೆಯಿರಲಿಲ್ಲ. ಆದರೂ ಮನೆಯ ಮುಂದೆಯೇ ಗಂಗೆ ಹರಿಯುತ್ತಿದ್ದಳು. ಏರಿಳಿಯುವ ನೀರನ್ನೂ ಬರಹೋಗುವ ದೋಣಿಗಳನ್ನೂ ನೋಡಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಗೆರೆಯನ್ನು ಅಳಿಸಿದವರು ತಂದೆ. ೧೮೭೩ರಲ್ಲಿ ರವಿಗೆ ಉಪನಯನವಾಯಿತು. ಬೋಳಿಸಿದ ತಲೆಯಲ್ಲಿ ಶಾಲೆಗೆ ಹೋದರೆ ಜೊತೆಯ ಹುಡುಗರು ಗೇಲಿ ಮಾಡದೆ ಬಿಡುವರೇ ಎಂದು ಅವನು ಚಿಂತಿಸುತ್ತಿದ್ದಾಗ ಮಹರ್ಷಿಗಳು ಅವನನ್ನು ಮಾಳಿಗೆಯ ಕೋಣೆಗೆ ಕರೆಯಿಸಿ, ತಮ್ಮೊಡನೆ ಹಿಮಾಲಯಕ್ಕೆ ಬರುವೆಯಾ ಎಂದು ಕೇಳಿದರು. ಹುಡುಗನ ಸಂತೋಷವನ್ನು ಬೇರೆ ಬಣ್ಣಿಸಬೇಕೆ?

ಮೊದಲ ತಂಗುದಾಣವು ಬೋಲ್ಪುರದ ಸಮೀಪದ ಶಾಂತಿನಿಕೇತನ. ಹತ್ತು ವರ್ಷಗಳ ಹಿಂದೆ, ೧೮೬೩ರಲ್ಲಿ, ದೇವೇಂದ್ರನಾಥರು ಆ ಬಂಜರು ಬಯಲಿನಲ್ಲಿ ಎರಡು ಛಾತಿಮ್ ಮರಗಳ ನೆರಳಿಗೆ ಮನಸೋತು ಇಪ್ಪತ್ತು ಬಿಘಾ ಭೂಮಿಯನ್ನು ಪಡೆದುಕೊಂಡಿದ್ದರು. ಛಾತಿಮ್ ಎಂದರೆ ಸಂಸ್ಕೃತದ ಸಪ್ತಪರ್ಣಿ. ನಮ್ಮ ತುಳುನಾಡಿನವರಿಗೆ ಪರಕೀಯವಲ್ಲ. ಆಟಿಯ ಅಮಾವಾಸ್ಯೆಯ ಬೆಳಗ್ಗೆ ಯಾವ ಮರದ ತೊಗಟೆಯ ಕಷಾಯವನ್ನು ನಾವು ಮುಖ ಸಿಂಡರಿಸಿಕೊಂಡು ಕುಡಿಯುವೆವೋ ಆ ಪಾಲೆಯೇ ಅದು. ಬೋಲ್ಪುರಕ್ಕೆ ತಲಪಿದಾಗ ಸಂಜೆಯಾಗಿತ್ತು. ಪಲ್ಲಕ್ಕಿಯನ್ನೇರಿದ ರವಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಕುಳಿತನಂತೆ. ಮಬ್ಬುಗತ್ತಲೆಯಲ್ಲಿ ಅರೆಬರೆ ನೋಡಿ ಕೆಡಿಸಿಕೊಳ್ಳದೆ ಎಲ್ಲವನ್ನೂ ಬೆಳಗಿನ ಬೆಳಕಿನಲ್ಲಿ ಒಮ್ಮೆಲೇ ಕಾಣಬೇಕೆಂಬುದು ಅವನ ಹಂಚಿಕೆ. ಬೆಳಿಗ್ಗೆ ಎದ್ದು ನೋಡಿದರೆ ಬತ್ತದ ಗದ್ದೆಯೂ ಇಲ್ಲ, ಗೋಪಾಲಬಾಲಕರೂ ಇಲ್ಲ. ಸುತ್ತಲೂ ಕೆಂಪು ಜಲ್ಲಿಯ ಬೋಳು ಬಯಲು. ಆದರೆ ನಿರಾಶೆಯು ಒಂದು ಗಳಿಗೆಯೂ ನಿಲ್ಲಲಿಲ್ಲ. ಆ ಬಯಲಿನಲ್ಲಿ ಗೆರೆಯೆಳೆಯಲು ಸೇವಕರಿರಲಿಲ್ಲವಷ್ಟೆ! ಮಳೆನೀರು ಕೊರೆದು ಮಾಡಿದ ಕೊರಕಲುಗಳಲ್ಲಿ ಅಲೆದು ಅಂಗಿಯ ಮಡಿಲ ತುಂಬ ಬಣ್ಣಬಣ್ಣದ ಕಲ್ಲುಗಳನ್ನು ಆಯ್ದು ತಂದು ತಂದೆಯ ಮುಂದೆ ಸುರಿಯುವನು. ಮಹರ್ಷಿಗಳು ಇದೇನು ಕಸವೆಂದು ಗದರಲಿಲ್ಲ. ಬಲು ಚೆನ್ನಾಗಿವೆಯೆಂದು ಮೆಚ್ಚಿ, ತಾವು ಪ್ರಾತಃಕಾಲದಲ್ಲಿ ಕುಳಿತು ಧ್ಯಾನಿಸುವ ಮಣ್ಣಿನ ದಿಬ್ಬವನ್ನು ಅವುಗಳಿಂದ ಅಲಂಕರಿಸುವಂತೆ ಹೇಳಿದರು. ಮಗುವಿನ ವಿಸ್ಮಯವನ್ನು ಹಿರಿಯರು ಬೆಳೆಸಬೇಕಾದ ಬಗೆ ಇದಲ್ಲವೆ?

ಅಲ್ಲಿಂದ ಅಮೃತಸರ. ಅಲ್ಲಿ ಸ್ವರ್ಣಮಂದಿರದ ಭಜನೆಗಳನ್ನು ಕೇಳುತ್ತ ಒಂದು ತಿಂಗಳು ಕಳೆದು, ಏಪ್ರಿಲಿನ ನಡುವೆ ಡಾಲ್‌ಹೌಸಿಯ ಬೆಟ್ಟವನ್ನೇರಿದರು. ಬಕ್ರೋಟಾ ಎಂಬ ಶಿಖರದಲ್ಲಿ ಅವರ ಬಿಡಾರ. ಬೇಸಗೆಯಾದರೂ ಬಿಸಿಲು ತಾಗದ ಕಡೆ ಹಿಮವು ಇನ್ನೂ ಕರಗಿರಲಿಲ್ಲ. ಮನೆಯ ಕೆಳಗಡೆ ದೇವದಾರು ಮರಗಳ ದಟ್ಟಡವಿ. ಹನ್ನೆರಡು ತುಂಬುತ್ತಿದ್ದ ಹುಡುಗನು ಕಬ್ಬಿಣದ ಮೊನೆಯ ಊರುಗೋಲನ್ನು ಹಿಡಿದು ಒಬ್ಬನೇ ಆ ಕಾಡಿಗೆ ಇಳಿಯುವನು. ನೂರಾರು ವರ್ಷ ಬಾಳಿದ ಮರಗಳ ನಡುವೆ ತಾನೊಂದು ಪುಟ್ಟ ಜೀವವಾಗಿ ನಡೆಯುವಾಗ ಮೈ ಜುಮ್ಮೆನ್ನುತ್ತಿತ್ತು. ಆದರೆ ಹೆದರಿ ಹಿಂದಿರುಗಿದ್ದಿಲ್ಲ. ತಂದೆಯಾದರೋ ಒಂದು ದಿನವೂ ತಡೆಯಲಿಲ್ಲ. ಬಿದ್ದಾನು, ದಾರಿ ತಪ್ಪಿಯಾನು ಎಂಬ ಭಯವು ಅವರಿಗೆ ಇರಲಿಲ್ಲವೆಂದಲ್ಲ. ತಪ್ಪಿದರೆ ತಾನೇ ದಾರಿಯನ್ನು ಹುಡುಕಿಕೊಳ್ಳಲಿ ಎಂಬುದು ಅವರ ಮತವಾಗಿತ್ತು.

ಆ ದಿನಗಳ ಕ್ರಮವೂ ತಿಳಿಯತಕ್ಕದ್ದು. ರಾತ್ರಿಯ ಕೊನೆಯ ಜಾವದಲ್ಲಿ ಹುಡುಗನಿಗೆ ಎಚ್ಚರವಾದರೆ, ಕೆಂಪು ಶಾಲು ಹೊದ್ದು ಕೈಯಲ್ಲಿ ದೀಪ ಹಿಡಿದು ಸದ್ದಿಲ್ಲದೆ ಗಾಜಿನ ಪಡಸಾಲೆಗೆ ಧ್ಯಾನಕ್ಕಾಗಿ ನಡೆಯುವ ತಂದೆಯ ಆಕೃತಿ ಕಾಣುವುದು. ಇನ್ನೊಂದು ನಿದ್ದೆಯಾಗುವಷ್ಟರಲ್ಲಿ ಅವರೇ ಬಂದು ಎಬ್ಬಿಸಿ ಸಂಸ್ಕೃತದ ಶಬ್ದರೂಪಗಳನ್ನು ಹೇಳಿಸುವರು. ಸೂರ್ಯೋದಯಕ್ಕೆ ಉಪನಿಷತ್ತಿನ ಪಾರಾಯಣ, ಬಳಿಕ ಕೂಡಿ ನಡೆಯುವ ಸಂಚಾರ, ಹೆಪ್ಪುಗಟ್ಟುವಂತಹ ತಣ್ಣೀರಿನ ಸ್ನಾನ. ಇರುಳಾದರೆ ಪರ್ವತದ ನಿರ್ಮಲವಾದ ಆಕಾಶದಲ್ಲಿ ಗ್ರಹನಕ್ಷತ್ರಗಳನ್ನು ತೋರಿಸಿ ಅವುಗಳ ದೂರವನ್ನೂ ಗತಿಯನ್ನೂ ತಿಳಿಸುವರು. ಕೇಳಿದ್ದನ್ನು ರವಿ ತನ್ನ ಮಾತೃಭಾಷೆಯಾದ ಬಂಗಾಳಿಯಲ್ಲಿಯೇ ಬರೆದಿಡುತ್ತಿದ್ದನು. ಇಂಗ್ಲಿಷು ಬಲ್ಲವರ ಮನೆತನವಾದರೂ ಆ ಮನೆಯಲ್ಲಿ ತಾಯ್ನುಡಿಗೆ ಎರಡನೆಯ ಸ್ಥಾನವಿರಲಿಲ್ಲ. ನೆಂಟರೊಬ್ಬರು ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಮಹರ್ಷಿಗಳು ಹಾಗೆಯೇ ಹಿಂದಕ್ಕೆ ಕಳುಹಿದ್ದರಂತೆ. ಇತರ ಭಾಷೆಗಳ ನಡುವೆ ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದ ನಮಗೆ ಈ ಸಂಗತಿಯು ರುಚಿಸದೆ ಇರದು. ಅದಿರಲಿ, ಅಂದು ನೋಡಿದ ನಕ್ಷತ್ರಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅರುವತ್ತನಾಲ್ಕು ವರ್ಷಗಳ ತರುವಾಯ, ೧೯೩೭ರಲ್ಲಿ, ರವೀಂದ್ರರು ಸಾಮಾನ್ಯ ವಾಚಕರಿಗಾಗಿ ‘ವಿಶ್ವಪರಿಚಯ’ವೆಂಬ ವಿಜ್ಞಾನಗ್ರಂಥವನ್ನು ಬಂಗಾಳಿಯಲ್ಲಿ ರಚಿಸಿ, ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಆ ಅರ್ಪಣೆಯ ಬರಹದಲ್ಲಿ ತಂದೆಯು ತೋರಿಸಿದ ಡಾಲ್‌ಹೌಸಿಯ ಆಕಾಶವನ್ನು ನೆನೆದುಕೊಂಡಿದ್ದಾರೆ.

ಇಲ್ಲಿಂದ ಒಂಬತ್ತು ವರ್ಷ ಮುಂದಕ್ಕೆ ಹೋಗೋಣ. ತಾಯಿ ೧೮೭೫ರಲ್ಲಿ ತೀರಿಕೊಂಡಿದ್ದರು. ಇಂಗ್ಲೆಂಡಿನ ಒಂದು ಪ್ರವಾಸವೂ ಆಗಿತ್ತು. ೧೮೮೨ರಲ್ಲಿ ರವೀಂದ್ರರು ಅಣ್ಣ ಜ್ಯೋತಿರಿಂದ್ರನಾಥ ಹಾಗೂ ಅತ್ತಿಗೆ ಕಾದಂಬರೀದೇವಿಯವರೊಡನೆ ಕಲ್ಕತ್ತೆಯ ಸದರ್ ಬೀದಿಯ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಮಹಡಿಯ ಜಗಲಿಯಲ್ಲಿ ನಿಂತು ಬೀದಿಯ ತುದಿಯ ಮರಗಳ ಕಡೆ ನೋಡುತ್ತಿದ್ದಂತೆ ಎಲೆಗಳ ಸಂದಿಯಿಂದ ಸೂರ್ಯನು ಮೂಡಿದನು. ಅಷ್ಟೇ ನಡೆದದ್ದು. ಆದರೆ ಆ ಕ್ಷಣದಲ್ಲಿ ಕಣ್ಣಿನ ಮೇಲಿನ ಪೊರೆಯೊಂದು ಕಳಚಿಬಿದ್ದಂತಾಗಿ ಲೋಕವೆಲ್ಲವೂ ಆನಂದದ ಅಲೆಯಾಗಿ ಅವರಿಗೆ ಕಂಡಿತು. ಬೀದಿಯಲ್ಲಿ ಹೋಗುವ ಕೂಲಿಯೂ, ಹೆಗಲ ಮೇಲೆ ಕೈಹಾಕಿಕೊಂಡು ನಗುತ್ತ ನಡೆಯುವ ಹುಡುಗರೂ, ಕರುವನ್ನು ನೆಕ್ಕುವ ಹಸುವೂ ಅಪೂರ್ವವಾಗಿ ತೋರಿದರು. ಅಂದೇ ಒಂದು ಕವನವು ಜಲಪಾತದಂತೆ ಹೊಮ್ಮಿತು. ‘ನಿರ್ಝರೇರ್ ಸ್ವಪ್ನಭಂಗ’ವೆಂಬ ಆ ಕವನವನ್ನೇ ಅವರ ಕಾವ್ಯಜೀವನದ ನಿಜವಾದ ಆರಂಭವೆಂದು ಬಲ್ಲವರು ಎಣಿಸುತ್ತಾರೆ.

ಮುಂದಿನದನ್ನು ಹೇಳುವವರು ಕಡಮೆ; ನನಗೆ ಅದೇ ಮುಖ್ಯವೆಂದು ತೋರುತ್ತದೆ. ಆ ಸ್ಥಿತಿಯು ಕೆಲವು ದಿನ ಇದ್ದಿತು. ಅಷ್ಟರಲ್ಲಿ ಅಣ್ಣನವರು ದಾರ್ಜಿಲಿಂಗಿಗೆ ಹೊರಟರು. ಗಲೀಜು ಬೀದಿಯಲ್ಲಿಯೇ ಇಷ್ಟು ಕಂಡ ಮೇಲೆ ಹಿಮಾಲಯದ ನೆತ್ತಿಯಲ್ಲಿ ಇನ್ನೆಷ್ಟು ಕಂಡೀತು ಎಂದು ರವೀಂದ್ರರೂ ಉತ್ಸಾಹದಿಂದ ಜೊತೆಗೂಡಿದರು. ಬೆಟ್ಟವನ್ನೇರಿ, ದೇವದಾರುಗಳ ನಡುವೆ ಅಲೆದು, ಅಬ್ಬಿಗಳ ಬಳಿ ಕುಳಿತು, ಕಾಂಚನಗಂಗೆಯ ಶಿಖರವನ್ನೂ ನೋಡಿದರು. ಆದರೆ ಅರಸಿ ಬಂದದ್ದು ಅಲ್ಲಿ ಇರಲಿಲ್ಲ. ಗಿರಿಗಳ ರಾಜನು ಕೊಡಲಾರದೆ ಹೋದುದನ್ನು ಸದರ್ ಬೀದಿಯ ಸಣ್ಣ ಮನೆಯು ಕೇಳದೆಯೇ ಕೊಟ್ಟಿತ್ತು. ರಮ್ಯಸ್ಥಳಗಳಿಗೆ ವಾಹನ ಕಟ್ಟಿಸಿಕೊಂಡು ಹೋಗಿ, ನಾಲ್ಕು ಚಿತ್ರ ತೆಗೆದುಕೊಂಡು, ಬೇಸರವನ್ನು ಹಾಗೆಯೇ ಹಿಂದಕ್ಕೆ ಹೊತ್ತು ತರುವ ಇಂದಿನ ನಮಗೆ ಈ ಪ್ರಸಂಗವು ಹೊಸದೇನೂ ಅಲ್ಲ.

ಮರುವರ್ಷ, ೧೮೮೩ರಲ್ಲಿ, ರವೀಂದ್ರರು ಕನ್ನಡ ನೆಲಕ್ಕೆ ಬಂದರು. ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಮೊದಲ ಭಾರತೀಯರೆನಿಸಿದ ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸುವುದಕ್ಕೆ ಮುಂಚೆ ಕಾರವಾರವೂ ನಮ್ಮ ಕಾಸರಗೋಡೂ ಮದ್ರಾಸು ಆಧಿಪತ್ಯಕ್ಕೆ ಒಳಪಟ್ಟ ಕನ್ನಡ ಕರಾವಳಿಯ ಎರಡು ತುದಿಗಳಾಗಿದ್ದುವು. ಗಡಿಗಳು ಬದಲಾದುವು, ಕಡಲು ಬದಲಾಗಲಿಲ್ಲ. ಬೇಕಲದಲ್ಲಿ ನಿಂತು ನಾವು ಕಾಣುವ ಪಡುಗಡಲನ್ನೇ ಆ ಇಪ್ಪತ್ತೆರಡರ ತರುಣನು ಕಾರವಾರದಲ್ಲಿ ಕಂಡದ್ದು. ಗುಡ್ಡಗಳ ನಡುವೆ ಅರ್ಧಚಂದ್ರಾಕಾರವಾಗಿ ಬಾಗಿದ ತೀರ, ಅದರ ಅಂಚಿಗೆ ಗಾಳಿಮರಗಳ ತೋಪು, ಒಂದು ಕೊನೆಯಲ್ಲಿ ಸಮುದ್ರವನ್ನು ಸೇರುವ ಕಾಳೀ ನದಿ.

ಒಂದು ಬೆಳದಿಂಗಳ ಸಂಜೆ ಅವರೆಲ್ಲರೂ ಚಿಕ್ಕದೊಂದು ದೋಣಿಯಲ್ಲಿ ಕಾಳೀ ನದಿಯ ಮೇಲ್ಮುಖವಾಗಿ ಹೋದರು. ಶಿವಾಜಿಯ ಕಾಲದ್ದೆಂಬ ಒಂದು ಹಳೆಯ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು, ಕಟ್ಟಿ ತಂದಿದ್ದ ಬುತ್ತಿಯನ್ನು ಉಂಡರು. ಹಿಂದಿರುಗುವಾಗ ದೋಣಿಯನ್ನು ನೀರಿನ ಸೆಳವಿಗೆ ಬಿಟ್ಟುಕೊಟ್ಟರು. ಅಳಿವೆಯನ್ನು ಮುಟ್ಟುವಷ್ಟರಲ್ಲಿ ಬಹಳ ಹೊತ್ತಾದುದರಿಂದ ಕಡಲ ದಾರಿಯನ್ನು ಬಿಟ್ಟು ಮರಳಿನ ಮೇಲೆ ನಡೆದೇ ಮನೆಗೆ ಹೊರಟರು. ನಡುರಾತ್ರಿ ಸಮೀಪಿಸಿತ್ತು. ಅಲೆಗಳಿಗೆ ಸದ್ದಿಲ್ಲ, ಸದಾ ಮರ್ಮರಿಸುವ ಗಾಳಿಮರಗಳೂ ಸುಮ್ಮನಾಗಿದ್ದುವು. ಬೆಳ್ಳನೆಯ ಮರಳಿನ ಮೇಲೆ ತಂತಮ್ಮ ನೆರಳುಗಳೊಡನೆ ನಡೆದ ಆ ನಾಲ್ಕಾರು ಮಂದಿಯಲ್ಲಿ ಒಬ್ಬರೂ ಮಾತನಾಡಲಿಲ್ಲ. ಮನೆಯನ್ನು ಸೇರಿದ ಮೇಲೆ ರವೀಂದ್ರರಿಗೆ ನಿದ್ದೆ ಬರಲಿಲ್ಲ; ಕುಳಿತು ಕವನವನ್ನು ಬರೆದರು. ಆ ರಾತ್ರಿಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಕಾರವಾರದ ಆ ಕಡಲತೀರಕ್ಕೆ ಇಂದು ರವೀಂದ್ರರ ಹೆಸರೇ ಇದೆ.

‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದೂ ಕಾರವಾರದಲ್ಲಿಯೇ. ಪ್ರಕೃತಿಯ ಸೇಡು ಎಂಬುದು ಅದರ ಅರ್ಥ. ಒಬ್ಬ ಸಂನ್ಯಾಸಿಯು ಪ್ರಕೃತಿಯನ್ನು ಗೆದ್ದೆನೆಂದು, ಎಲ್ಲ ಮಮತೆಗಳನ್ನೂ ಕಡಿದುಕೊಂಡು ಅನಂತವನ್ನು ಸೇರಿದೆನೆಂದು ಗವಿಯಿಂದ ಹೊರಬರುತ್ತಾನೆ. ದಿಕ್ಕಿಲ್ಲದ ಒಬ್ಬ ಪುಟ್ಟ ಹುಡುಗಿಯು ಅವನನ್ನು ಅಂಟಿಕೊಳ್ಳುತ್ತಾಳೆ. ಆ ಮಗುವಿನ ಸ್ನೇಹವೇ ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ದೊಡ್ಡದನ್ನು ಕಾಣಬೇಕಾದದ್ದು ಚಿಕ್ಕದರಲ್ಲಿಯೇ ಎಂದು ಅವನಿಗೆ ತಿಳಿಯುತ್ತದೆ. ತಮ್ಮ ಮುಂದಿನ ಬರಹಗಳಿಗೆಲ್ಲ ಇದನ್ನು ಪೀಠಿಕೆಯೆಂದು ಭಾವಿಸಬಹುದೆಂದು ರವೀಂದ್ರರೇ ಅಭಿಪ್ರಾಯಪಟ್ಟಿದ್ದಾರೆ. ದಾರ್ಜಿಲಿಂಗಿನ ನಿರಾಶೆಗೂ ಈ ನಾಟಕಕ್ಕೂ ಇರುವ ನಂಟು ವಾಚಕರಿಗೆ ಹೊಳೆಯದೆ ಇರದು.

ಆ ವರ್ಷದ ಡಿಸೆಂಬರಿನಲ್ಲಿ ರವೀಂದ್ರರಿಗೆ ಮೃಣಾಲಿನೀದೇವಿಯವರೊಡನೆ ವಿವಾಹವಾಯಿತು. ನಾಲ್ಕೇ ತಿಂಗಳಲ್ಲಿ, ೧೮೮೪ರ ಏಪ್ರಿಲಿನಲ್ಲಿ, ಅತ್ತಿಗೆ ಕಾದಂಬರೀದೇವಿಯವರು ತಮ್ಮ ಜೀವವನ್ನು ತಾವೇ ನೀಗಿಕೊಂಡರು. ಬಾಲ್ಯದಿಂದ ಒಡನಾಡಿಯಾಗಿ, ತಾಯಿ ಹೋದ ಮೇಲೆ ಆಸರೆಯಾಗಿ, ಕವನಗಳನ್ನು ಮೊದಲು ಕೇಳಿ ಮೆಚ್ಚಿಯೋ ಚುಚ್ಚಿಯೋ ತಿದ್ದಿದವರು ಅವರು. ಇಪ್ಪತ್ತಮೂರು ತುಂಬುತ್ತಿದ್ದ ರವೀಂದ್ರರಿಗೆ ಜಗತ್ತಿನಲ್ಲಿ ಒಂದು ಕಡೆ ತೂತು ಬಿದ್ದಂತಾಯಿತು. ಮರ, ನೆಲ, ನೀರು, ಸೂರ್ಯಚಂದ್ರರು ಎಲ್ಲ ಎಂದಿನಂತೆಯೇ ಇರುವಾಗ ಅವುಗಳಿಗಿಂತಲೂ ನಿಜವಾಗಿದ್ದ ಒಂದು ಜೀವವು ಮಾತ್ರ ಇಲ್ಲವಾದುದನ್ನು ಅವರ ಬುದ್ಧಿಯು ಒಪ್ಪಲಿಲ್ಲ. ಆಗ ಅವರು ಉಡುಗೆತೊಡುಗೆಗಳ ಪರಿವೆಯನ್ನು ಬಿಟ್ಟರು. ಮಳೆಯಾಗಲಿ, ಚಳಿಯಾಗಲಿ, ಮೂರನೆಯ ಮಹಡಿಯ ತೆರೆದ ಜಗಲಿಯಲ್ಲಿ ನಕ್ಷತ್ರಗಳ ಕೆಳಗೆ ಮಲಗತೊಡಗಿದರು. ದುಃಖವು ಮಾಯವಾಯಿತೆಂದು ಹೇಳುವುದು ಸರಿಯಲ್ಲ. ಆದರೆ ಕ್ರಮಕ್ರಮವಾಗಿ, ಕಣ್ಣೀರಿನಿಂದ ತೊಳೆದ ಲೋಕವು ಮೊದಲಿಗಿಂತ ಚೆಲುವಾಗಿ ತೋರಲಾರಂಭಿಸಿತು.

೧೮೯೧ರ ಸುಮಾರಿಗೆ ತಂದೆಯ ಆಜ್ಞೆಯಂತೆ ಅವರು ಪೂರ್ವಬಂಗಾಳದ ಶಿಲಾಯಿದಹ, ಶಾಹಜಾದ್‌ಪುರ, ಪತಿಸರಗಳ ಜಮೀನ್ದಾರಿಯನ್ನು ನೋಡಿಕೊಳ್ಳಲು ಹೊರಟರು. ಈಗ ಅವೆಲ್ಲ ಬಾಂಗ್ಲಾದೇಶದಲ್ಲಿವೆ. ‘ಪದ್ಮಾ’ ಎಂಬ ಮನೆದೋಣಿಯಲ್ಲಿ ವಾಸ; ಪದ್ಮಾ ನದಿಯ ಮೇಲೆ ಸಂಚಾರ. ನಿರ್ಜನವಾದ ಮರಳುದಿಣ್ಣೆಯೊಂದರ ಬಳಿ ದೋಣಿಯನ್ನು ಕಟ್ಟಿ, ಸಂಜೆ ಒಬ್ಬರೇ ಮರಳಿನಲ್ಲಿ ಬಹುದೂರ ನಡೆದು ಬರುವರು. ತುಂಬಿದ ಹೊಳೆ, ಬತ್ತಿದ ಹೊಳೆ, ಕಾಡುಬಾತುಗಳ ಹಿಂಡು, ದಡದ ಹಳ್ಳಿಯ ಹೆಂಗಸರು, ಬಿರುಗಾಳಿ, ಇವನ್ನೆಲ್ಲ ಅಣ್ಣನ ಮಗಳು ಇಂದಿರಾದೇವಿಗೆ ಬರೆದ ಪತ್ರಗಳಲ್ಲಿ ಚಿತ್ರಿಸಿದ್ದಾರೆ. ನಿಸರ್ಗದೊಡನೆ ಮನುಷ್ಯನೊಬ್ಬನು ದಿನದಿನವೂ ಬಾಳಿದ ಬಗೆಯನ್ನು ಅರಿಯಬೇಕೆನ್ನುವವರು ‘ಛಿನ್ನಪತ್ರ’ವೆಂಬ ಹೆಸರಿನ ಆ ಪತ್ರಸಂಗ್ರಹವನ್ನು ಓದಬೇಕು.

ಜಮೀನ್ದಾರನಿಗೆ ಮನೆದೋಣಿಯಿತ್ತು, ಆಳುಗಳಿದ್ದರು. ಹೊಟ್ಟೆಪಾಡಿನ ಚಿಂತೆಯಿಲ್ಲದವನಿಗೆ ಸೂರ್ಯಾಸ್ತವನ್ನು ನೋಡುತ್ತ ಕೂರುವುದೇನು ಕಷ್ಟ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಪೂರ್ತಿ ತಪ್ಪಲ್ಲ. ಆದರೆ ಆ ಹೊಳೆಯು ಅವರನ್ನು ಜನರಿಂದ ದೂರ ಒಯ್ಯಲಿಲ್ಲ. ಜನರ ಬಾಗಿಲಿಗೇ ಒಯ್ದಿತು. ಬಂಗಾಳಿ ಸಣ್ಣಕಥೆಯು ಹುಟ್ಟಿದ್ದೇ ಆ ದಡಗಳ ಬಡಜನರ ಬಾಳಿನಿಂದ. ರೈತರನ್ನು ಲೇವಾದೇವಿಗಾರರಿಂದ ಬಿಡಿಸಲು ೧೯೦೫ರಲ್ಲಿ ಪತಿಸರದಲ್ಲಿ ಕೃಷಿಬ್ಯಾಂಕನ್ನು ತೆರೆದರು. ಮುಂದೆ ನೊಬೆಲ್ ಬಹುಮಾನದ ಹಣವನ್ನೂ ಅದರಲ್ಲಿ ತೊಡಗಿಸಿದರು. ಮಗ ರಥೀಂದ್ರನಾಥನನ್ನು ೧೯೦೬ರಲ್ಲಿ ಅಮೆರಿಕೆಗೆ ಕಳುಹಿಸಿದ್ದು ವಕೀಲಿ ಕಲಿಯಲಿಕ್ಕಲ್ಲ, ವ್ಯವಸಾಯವನ್ನು ಕಲಿಯಲಿಕ್ಕೆ.

೧೯೦೧ರ ಡಿಸೆಂಬರ್ ೨೨ರಂದು ಶಾಂತಿನಿಕೇತನದಲ್ಲಿ ಐವರು ವಿದ್ಯಾರ್ಥಿಗಳಿಂದ ಶಾಲೆಯು ಆರಂಭವಾಯಿತು. ಕಿಟಕಿಯಿಂದ ಆಲದ ಮರವನ್ನು ನೋಡಿದ ಹುಡುಗನು ಕಟ್ಟಿದ ಶಾಲೆಯಲ್ಲಿ ಪಾಠಗಳು ಮರದ ಕೆಳಗೇ ನಡೆದುದರಲ್ಲಿ ಆಶ್ಚರ್ಯವಿಲ್ಲ. ಮಕ್ಕಳು ತಂತಮ್ಮ ಆಸನವನ್ನು ತಂದು ಹಾಸಿಕೊಂಡು ಕುಳಿತುಕೊಳ್ಳುವರು. ಬೆಳಿಗ್ಗೆ ಮತ್ತು ಸಂಜೆ ಹದಿನೈದು ಹದಿನೈದು ನಿಮಿಷ ಪ್ರತಿಯೊಬ್ಬನೂ ಬಯಲಿನಲ್ಲಿ ಸುಮ್ಮನೆ ಕೂರಬೇಕು. ಏನನ್ನು ಧ್ಯಾನಿಸಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಕಣ್ಣು ಮುಚ್ಚಿದನೋ, ಅಳಿಲನ್ನು ನೋಡಿದನೋ, ಅದು ಅವನಿಗೆ ಬಿಟ್ಟ ವಿಷಯ. ಈ ಒಂದು ನಿಯಮವನ್ನು ನಮ್ಮ ಶಾಲೆಗಳಲ್ಲಿ ಜಾರಿಗೆ ತರಲು ಹಣದ ಖರ್ಚೇನೂ ಇಲ್ಲವೆಂದು ಅಧ್ಯಾಪಕ ಬಂಧುಗಳ ಗಮನಕ್ಕೆ ತರಬಯಸುತ್ತೇನೆ.

ಶಾಲೆಯು ಬೇರೂರುವಷ್ಟರಲ್ಲಿ ಮನೆಯು ಬರಿದಾಗತೊಡಗಿತು. ೧೯೦೨ರ ನವೆಂಬರ್ ೨೩ರಂದು ಪತ್ನಿಯ ವಿಯೋಗವಾಯಿತು. ಮರುವರ್ಷ ಎರಡನೆಯ ಮಗಳು ರೇಣುಕೆಗೆ ಕ್ಷಯ. ಬೆಟ್ಟದ ಗಾಳಿಯಿಂದ ಗುಣವಾದೀತೆಂದು ಆಲ್ಮೋರಕ್ಕೆ ಕರೆದೊಯ್ದು, ಹಾಸಿಗೆಯ ಬಳಿ ಕುಳಿತು ‘ಶಿಶು’ ಸಂಗ್ರಹದ ಮಕ್ಕಳ ಕವನಗಳನ್ನು ರಚಿಸಿದರು. ಹುಡುಗಿ ಉಳಿಯಲಿಲ್ಲ. ೧೯೦೫ರ ಜನವರಿಯಲ್ಲಿ ತಂದೆ ತೀರಿಕೊಂಡರು. ಉಳಿದವರಲ್ಲಿ ಕಿರಿಯವನು ಶಮೀಂದ್ರ. ರೂಪದಲ್ಲಿಯೂ ಸ್ವಭಾವದಲ್ಲಿಯೂ ತಂದೆಯನ್ನೇ ಹೋಲುತ್ತಿದ್ದ ಆ ಹುಡುಗನು ೧೯೦೭ರ ಆರಂಭದಲ್ಲಿ ಆಶ್ರಮದ ಮಕ್ಕಳನ್ನು ಕೂಡಿಸಿಕೊಂಡು ಋತುಗಳ ಉತ್ಸವವೊಂದನ್ನು ನಡೆಸಿದನು. ಶಾಂತಿನಿಕೇತನದ ವಸಂತೋತ್ಸವಕ್ಕೆ ಅದೇ ಮೂಲ. ಅದೇ ವರ್ಷ ರಜೆಗೆಂದು ಮುಂಗೇರಕ್ಕೆ ಹೋದಾಗ ಅವನಿಗೆ ವಾಂತಿಭೇದಿ ತಗಲಿತು. ತಾಯಿ ಸತ್ತ ತಾರೀಖಿನಂದೇ, ನವೆಂಬರ್ ೨೩ರಂದು, ಅವನೂ ಹೋದನು. ಆಗ ಅವನಿಗೆ ಹನ್ನೊಂದು ವರ್ಷ ತುಂಬುತ್ತ ಬಂದಿತ್ತು.

ಸಂಸ್ಕಾರವನ್ನು ಮುಗಿಸಿ ರವೀಂದ್ರರು ರೈಲಿನಲ್ಲಿ ಹಿಂದಿರುಗುತ್ತಿದ್ದರು. ರಾತ್ರಿ. ಕಿಟಕಿಯ ಹೊರಗೆ ಆಕಾಶವು ಬೆಳದಿಂಗಳಿನಿಂದ ತುಂಬಿ ತುಳುಕುತ್ತಿತ್ತು. ಎಲ್ಲಿಯೂ ಏನೂ ಕಡಮೆಯಾದ ಗುರುತಿಲ್ಲ. ಇಂತಹ ಹೊತ್ತಿನಲ್ಲಿ ಪ್ರಕೃತಿಯ ಈ ನಿಶ್ಚಿಂತೆಯು ನಮ್ಮಂಥವರಿಗೆ ಕ್ರೌರ್ಯವೆಂದೇ ತೋರೀತು. ಕಾದಂಬರೀದೇವಿಯವರು ಹೋದಾಗ ಅವರಿಗೂ ಹಾಗೆಯೇ ತೋರಿತ್ತು. ಈ ಸಲ ಅವರ ಮನಸ್ಸು ಬೇರೆ ರೀತಿಯಲ್ಲಿ ನುಡಿಯಿತು: ಯಾವುದೂ ಕಳೆದುಹೋಗಿಲ್ಲ, ಎಲ್ಲವೂ ಆ ಪೂರ್ಣದೊಳಗೇ ಉಳಿದಿದೆ, ತಾನೂ ಅದರೊಳಗಿನವನೇ, ತನ್ನ ಕೆಲಸವೂ ಇನ್ನೂ ಉಳಿದಿದೆ. ಇಪ್ಪತ್ತೈದು ವರ್ಷ ಅವರು ಇದನ್ನು ಹೆಚ್ಚಾಗಿ ಬಾಯಿಬಿಟ್ಟು ಆಡಲಿಲ್ಲ. ೧೯೩೨ರಲ್ಲಿ ಮಗಳು ಮೀರಾದೇವಿಯ ಒಬ್ಬನೇ ಮಗನು ಪರದೇಶದಲ್ಲಿ ತೀರಿಕೊಂಡಾಗ, ಆ ತಾಯಿಯನ್ನು ಸಂತೈಸಲು ಬರೆದ ಕಾಗದದಲ್ಲಿ ಆ ರೈಲಿನ ರಾತ್ರಿಯ ಸಂಗತಿಯನ್ನು ತಿಳಿಸಿದರು. ಅದು ಪಾಂಡಿತ್ಯದಿಂದ ಬಂದ ಮಾತಲ್ಲ. ಆಲದ ಮರದಿಂದ, ಬಕ್ರೋಟಾದ ನಕ್ಷತ್ರಗಳಿಂದ, ಕಾಳೀ ನದಿಯ ಮರಳಿನಿಂದ ಮೂವತ್ತು ನಲವತ್ತು ವರ್ಷ ಕೂಡಿಟ್ಟದ್ದು ಆ ರಾತ್ರಿ ಕೈಗೆ ಬಂತೆಂದು ನಾನು ತಿಳಿಯುತ್ತೇನೆ. ಊರಿಗೆ ಬಂದವರೇ ಅವರು ಶಾಲೆಯ ಕೆಲಸಕ್ಕೆ ತೊಡಗಿದರು. ಮಗನು ಆರಂಭಿಸಿದ ಋತುಗಳ ಹಬ್ಬವನ್ನೂ ನಿಲ್ಲಗೊಡಲಿಲ್ಲ. ಮರುವರ್ಷವೇ ‘ಶಾರದೋತ್ಸವ’ ನಾಟಕವನ್ನು ಬರೆದು ಮಕ್ಕಳಿಂದ ಆಡಿಸಿದರು.

ಮುಂದಿನ ಕೀರ್ತಿಯ ಕಥೆ ಎಲ್ಲರಿಗೂ ತಿಳಿದದ್ದೇ. ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ೧೯೧೨ರ ಮಾರ್ಚಿಯಲ್ಲಿ ಅವರು ಇಂಗ್ಲೆಂಡಿಗೆ ಹಡಗನ್ನೇರಬೇಕಾಗಿತ್ತು. ಹೊರಡುವ ಹೊತ್ತಿಗೆ ಕಾಯಿಲೆಯಾಗಿ ಪ್ರಯಾಣವು ತಪ್ಪಿತು. ವಿಶ್ರಾಂತಿಗಾಗಿ ಮತ್ತೆ ಪದ್ಮೆಯ ದಡಕ್ಕೇ ಹೋದರು. ಚೈತ್ರಮಾಸ, ಮಾವು ಹೂಬಿಟ್ಟ ಕಾಲ. ಹೊಸದನ್ನು ಬರೆಯುವ ಶಕ್ತಿಯಿಲ್ಲದೆ, ಸುಮ್ಮನಿರಲೂ ಆಗದೆ, ತಮ್ಮ ಹಾಡುಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ಇಳಿಸುತ್ತ ಕುಳಿತರು. ೧೯೧೩ರಲ್ಲಿ ನೊಬೆಲ್ ಬಹುಮಾನವನ್ನು ತಂದುಕೊಟ್ಟ ಇಂಗ್ಲ ‘ಗೀತಾಂಜಲಿ’ಯ ಬಹುಭಾಗವು ಆ ಬಿಡುವಿನ ಫಲ.

ಬಳಿಕ ದೇಶವಿದೇಶಗಳ ಪ್ರವಾಸ, ೧೯೧೯ರಲ್ಲಿ ಮೈಸೂರು ಬೆಂಗಳೂರುಗಳ ಭೇಟಿ, ವಿಶ್ವಭಾರತಿಯ ಸ್ಥಾಪನೆ. ೧೯೨೨ರಲ್ಲಿ ಶಾಂತಿನಿಕೇತನದ ಬಳಿಯ ಸುರುಲ್‌ನಲ್ಲಿ ಗ್ರಾಮೋದ್ಧಾರಕ್ಕಾಗಿ ಶ್ರೀನಿಕೇತನವು ಹುಟ್ಟಿತು. ಬಾಲ್ಯದಲ್ಲಿ ಕಲ್ಲು ಆಯ್ದ ಆ ಕೊರಕಲುಗಳು ಚೆಲುವಾಗಿದ್ದರೂ ಅವು ಮರಗಳನ್ನು ಕಳೆದುಕೊಂಡ ನೆಲದ ಗಾಯಗಳೆಂದು ಅವರಿಗೆ ಈಗ ತಿಳಿದಿತ್ತು. ೧೯೨೮ರ ಮಳೆಗಾಲದಲ್ಲಿ ಆಶ್ರಮದಲ್ಲಿ ವೃಕ್ಷಾರೋಪಣದ ಹಬ್ಬವನ್ನು ಆರಂಭಿಸಿದರು. ಸಸಿಯನ್ನು ಹೂವಿನಿಂದ ಸಿಂಗರಿಸಿ, ಪಲ್ಲಕ್ಕಿಯಲ್ಲಿ ಕುಳ್ಳಿರಿಸಿ, ಹಾಡುತ್ತ ಕುಣಿಯುತ್ತ ಮೆರವಣಿಗೆಯಲ್ಲಿ ತರುವರು. ಮಕ್ಕಳು ಪಂಚಭೂತಗಳ ವೇಷದಲ್ಲಿ ಬಂದು ಅದನ್ನು ಹರಸುವರು. ‘ಬಲಾಯಿ’ ಎಂಬ ಕಥೆಯನ್ನು ಬರೆದದ್ದೂ ಆ ವರ್ಷವೇ. ದಾರಿಯ ನಡುವೆ ತಾನಾಗಿ ಹುಟ್ಟಿದ ಬೂರುಗದ ಗಿಡವನ್ನು ಪ್ರೀತಿಸಿದ ಹುಡುಗನೊಬ್ಬನ ಕಥೆ ಅದು. ಹುಡುಗನು ಊರಿನಲ್ಲಿಲ್ಲದಾಗ ಚಿಕ್ಕಪ್ಪನು ಮರವನ್ನು ಕಡಿಸಿಬಿಡುತ್ತಾನೆ. ಅತ್ತ ಹುಡುಗನು ಆ ಮರದ ಭಾವಚಿತ್ರವನ್ನು ಕಳುಹಿಸುವಂತೆ ಕಾಗದ ಬರೆಯುತ್ತಾನೆ.

೧೯೪೦ರ ಸೆಪ್ಟೆಂಬರಿನಲ್ಲಿ ಕಾಲಿಂಪಾಂಗ್ ಬೆಟ್ಟದಲ್ಲಿದ್ದಾಗ ಕಾಯಿಲೆಯು ಉಲ್ಬಣಿಸಿತು. ಶಾಂತಿನಿಕೇತನಕ್ಕೆ ಮರಳಿದ ಮೇಲೆ ಹಾಸಿಗೆಯಿಂದಲೇ ಕವನಗಳನ್ನು ಹೇಳಿ ಬರೆಯಿಸುತ್ತ ಒಂದು ವಸಂತವನ್ನು ಕಳೆದರು. ೧೯೪೧ರ ಜುಲಾಯಿಯಲ್ಲಿ ಶಸ್ತ್ರಚಿಕಿತ್ಸೆಗೆಂದು ಕಲ್ಕತ್ತೆಗೆ ಒಯ್ದರು. ಆಗಸ್ಟ್ ೭ರಂದು, ಹುಟ್ಟಿದ ಆ ಜೋಡಾಸಾಂಕೊದ ಮನೆಯಲ್ಲಿಯೇ ಅವರ ಕೊನೆಯುಸಿರು ನಿಂತಿತು. ಬಂಗಾಳಿ ಪಂಚಾಂಗದ ಪ್ರಕಾರ ಅಂದು ಶ್ರಾವಣದ ಇಪ್ಪತ್ತೆರಡು. ವರ್ಷಕ್ಕೊಮ್ಮೆ ಆ ದಿನವು ಬಂದಾಗ ಶಾಂತಿನಿಕೇತನದ ಮಕ್ಕಳು ಸಸಿಯೊಂದನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದು ಮಳೆಯಲ್ಲಿ ನೆಡುತ್ತಾರೆ.